ಮನೆ ಕಟ್ಟುವ ಅವಸರ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕಟ್ಟಿದವರು ಎರಡು ಕಷ್ಟಗಳನ್ನು ಬೇರೆ ಬೇರೆಯಾಗಿ ಎಣಿಸಿದ್ದರು. ಒಂದನ್ನು ಮುಗಿಸಿ, ಸುಧಾರಿಸಿಕೊಂಡು, ಮತ್ತೊಂದಕ್ಕೆ ಕೈಹಾಕುವಷ್ಟು ಪುರಸೊತ್ತು ಅವರಿಗಿದ್ದಿರಬೇಕು. ಈಗ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರುಗಳ ಯಾವ ಹೊಸ ಬಡಾವಣೆಗೆ ಹೋಗಿ ನಿಂತರೂ ಎರಡು ಕಷ್ಟಗಳು ಒಟ್ಟಿಗೇ ಬಂದಿರುವುದನ್ನು ನಾನು ಕಾಣುತ್ತೇನೆ. ಮಗಳ ಮದುವೆ ವೈಶಾಖದಲ್ಲಿ. ಬೀಗರು ಬರುವ ಹೊತ್ತಿಗೆ ಹೊಸ ಮನೆ ಎದ್ದು ನಿಂತಿರಬೇಕು. ಅದು ತಪ್ಪಿದರೆ ಜ್ಯೇಷ್ಠ. ಜ್ಯೇಷ್ಠವೂ ತಪ್ಪಿದರೆ ಆಷಾಢ, ಆಗ ಪ್ರವೇಶದ ಮಾತನ್ನೇ ಎತ್ತುವಂತಿಲ್ಲ. ಈ ನಡುವೆ ಬಾಡಿಗೆ ಮನೆಯ ಬಾಡಿಗೆ, ಬ್ಯಾಂಕಿನ ಬಡ್ಡಿ ಎರಡೂ ತಿಂಗಳು ತಿಂಗಳು ಏರುತ್ತಲೇ ಇರುತ್ತವೆ.

ಆಗ ಮನೆಯ ಯಜಮಾನರು ಗುತ್ತೇದಾರರನ್ನು ಕರೆದು, ಚದರಡಿಗೆ ಇಷ್ಟೆಂದು ಆದ ಮಾತಿನ ಮೇಲೆ ಇನ್ನೂ ಒಂದಿಷ್ಟು ಕೊಡುತ್ತೇವೆ, ಎರಡು ತಿಂಗಳು ಮೊದಲೇ ಮುಗಿಸಿಕೊಡಿ ಎನ್ನುತ್ತಾರೆ. ಗುತ್ತೇದಾರರು ಸ್ವಲ್ಪ ಹೊತ್ತು ಆಕಾಶವನ್ನು ನೋಡಿ, ಬೆರಳು ಮಡಿಸಿ, ಒಪ್ಪಿಕೊಳ್ಳುತ್ತಾರೆ. ಚಹದ ಲೋಟ ಬರಿದಾಗುವುದರೊಳಗೆ ಮಾತುಕತೆ ಮುಗಿದಿರುತ್ತದೆ. ಈ ಹೆಚ್ಚಿನ ಹಣಕ್ಕೆ ನಮ್ಮ ಕಡೆ ಗೊತ್ತಾದ ಹೆಸರಿಲ್ಲ; ಮಾತಿನ ಅನುಕೂಲಕ್ಕಾಗಿ 'ಅವಸರದ ಹಣ' ಎನ್ನೋಣ. ಅದನ್ನು ಕೊಡಬೇಕೋ ಬೇಡವೋ ಎನ್ನುವುದಕ್ಕೆ ಮೊದಲು ಅದು ಏನನ್ನು ಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಕಾಲವನ್ನು ಕೊಳ್ಳುತ್ತದೆ ಎನ್ನುವುದು ಸುಲಭದ ಉತ್ತರ. ಆದರೆ ಒಂದು ಮನೆಯೊಳಗೆ ಎರಡು ಬಗೆಯ ಕಾಲಗಳು ಹೆಣೆದುಕೊಂಡಿರುತ್ತವೆ. ಮನುಷ್ಯರ ಕಾಲ ಒಂದು, ಮಣ್ಣು ಸಿಮೆಂಟುಗಳ ಕಾಲ ಇನ್ನೊಂದು. ಮೊದಲನೆಯದು ಮಾರಾಟಕ್ಕೆ ಸಿಕ್ಕುತ್ತದೆ.

ಸಿಕ್ಕುತ್ತದೆ ಎಂದೆನಾದರೂ ಈ ಭಾಗದಲ್ಲಿ ಅದೂ ಅಗ್ಗವಲ್ಲ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಜಲಾಶಯ ತುಂಬಿ ಕಾಲುವೆಗೆ ನೀರು ಬಿಟ್ಟರೆಂದರೆ ಭತ್ತದ ನಾಟಿ; ನಾಟಿಯ ದಿನಗಳಲ್ಲಿ ಕೂಲಿಯ ಹೆಂಗಸರು ಗದ್ದೆಯಲ್ಲಿರುತ್ತಾರೆ, ಇಟ್ಟಿಗೆ ಹೊರುವುದಕ್ಕೆ ಯಾರೂ ಸಿಕ್ಕುವುದಿಲ್ಲ. ಕೊಯಿಲಿನಲ್ಲಿ ಈಗ ಯಂತ್ರ ಬಂದಿದ್ದರೂ, ಹುಲ್ಲು, ಚೀಲ, ಅಕ್ಕಿಗಿರಣಿಗಳ ಹಮಾಲಿ ಕೆಲಸ ಇದ್ದೇ ಇದೆ. ಇತ್ತ ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಮಳೆಯಾಶ್ರಯದ ಹಳ್ಳಿಗಳ ಕಥೆ ಬೇರೆ. ಅಲ್ಲಿಯ ಜನ ಸುಗ್ಗಿ ಮುಗಿಯುತ್ತಲೂ ಗುಳೆ ಹೊರಡುತ್ತಾರೆ. ಬೆಂಗಳೂರಿನಲ್ಲಿ ಮೇಲೇಳುತ್ತಿರುವ ಎಷ್ಟೋ ಕಟ್ಟಡಗಳ ಸೆಂಟ್ರಿಂಗಿನ ಕೆಳಗೆ ಕೇಳಿಬರುವ ಮಾತು ರಾಯಚೂರು ಸೀಮೆಯದು. ರಾಜಧಾನಿಯ ಮನೆಗಳನ್ನು ಕಟ್ಟಲು ಹೋದವರ ಸ್ವಂತ ಊರಿನಲ್ಲಿ ಮನೆ ಕಟ್ಟಲು ಗೌಂಡಿ ಸಿಕ್ಕುವುದಿಲ್ಲ. ಮೊಹರಮ್ಮಿಗೆ ಇವರಲ್ಲಿ ಬಹಳ ಮಂದಿ ಊರಿಗೆ ಮರಳುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಹಿಂದೂ ಮುಸಲ್ಮಾನರೆಲ್ಲ ಕೂಡಿ ಆಚರಿಸುವ ಹೆಸರಾಂತ ಹಬ್ಬ. ಆ ದಿನಗಳಲ್ಲಿ ಎಷ್ಟು ಹಣ ತೋರಿಸಿದರೂ ಕರಣೆ ಹಿಡಿಯುವವರಿಲ್ಲ. ಅದು ಇರಬೇಕಾದದ್ದೇ ಹಾಗೆ ಎಂದು ನನಗೆ ತೋರುತ್ತದೆ.

ಹೀಗಿರಲು, ಅವಸರದ ಹಣ ಮೊದಲು ಮಾಡುವ ಕೆಲಸ ಇನ್ನೊಂದು ಮನೆಯ ಗೌಂಡಿಯನ್ನು ಈ ಮನೆಗೆ ತರುವುದು. ನಮ್ಮ ಮನೆ ಎರಡು ತಿಂಗಳು ಮುಂದೆ ಹೋದಾಗ ಪಕ್ಕದ ಓಣಿಯಲ್ಲಿ ಯಾರದೋ ಮನೆ ಅಷ್ಟೇ ಹಿಂದೆ ಬೀಳುತ್ತದೆ. ಎರಡನೆಯ ಕೆಲಸ, ದಿನವನ್ನು ಉದ್ದ ಮಾಡುವುದು. ದೀಪ ಕಟ್ಟಿ ರಾತ್ರಿ ಒಂಬತ್ತರವರೆಗೆ ಗಿಲಾವು ನಡೆಯುತ್ತದೆ. ದೀಪದ ಬೆಳಕಿನಲ್ಲಿ ಮಾಡಿದ ಗಿಲಾವಿನ ಏರಿಳಿತ ಹಗಲಿನ ಓರೆ ಬಿಸಿಲು ಬಿದ್ದಾಗಲಷ್ಟೇ ಕಣ್ಣಿಗೆ ಬೀಳುವುದು ಎಂಬುದು ಬೇರೆ ಮಾತು. ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ: ಯಜಮಾನರು ಕೊಟ್ಟ ಹೆಚ್ಚಿನ ಹಣದಲ್ಲಿ ಆ ರಾತ್ರಿ ಏಣಿಯ ಮೇಲೆ ನಿಂತವನ ಕೈಗೆ ಎಷ್ಟು ಬಂತು? ಹೊತ್ತು ಮೀರಿದ ದುಡಿಮೆಗೆ ಇಮ್ಮಡಿ ಕೂಲಿ ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಬರೆಯಿತು. ಆದರೆ ನಮ್ಮ ಊರುಗಳ ಮನೆಗಳಲ್ಲಿ ಹಣ ಗುತ್ತೇದಾರರ ಕೈಯಲ್ಲಿ ನಿಂತು, ಕೆಳಗಿಳಿಯುವ ಹೊತ್ತಿಗೆ ಒಂದು ಹೊತ್ತಿನ ಊಟ, ಒಂದು ಚಹ ಆಗಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಅಂಥ ಕಡೆ ಮೂರನೆಯ ರಾತ್ರಿಗೆ ಆಳು ಬರುವುದಿಲ್ಲ. ಅವಸರ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಎರಡನೆಯ ಕಾಲದ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಹಿಂದಿನವರ ಮಾಳಿಗೆಯ ಮನೆಗಳನ್ನು ಈ ಮೂರೂ ಊರುಗಳ ಹಳೆಯ ಓಣಿಗಳಲ್ಲಿ ಇನ್ನೂ ನೋಡಬಹುದು. ಮೊಳಗಟ್ಟಲೆ ದಪ್ಪದ ಕಲ್ಲು ಮಣ್ಣಿನ ಗೋಡೆ. ಮೇಲೆ ತೊಲೆ, ಜಂತಿ. ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಮಣ್ಣಿನ ಗೋಡೆಯನ್ನು ಒಂದೇ ದಿನದಲ್ಲಿ ಆಳೆತ್ತರ ಏರಿಸಲು ಹೋದರೆ ಅದು ತನ್ನ ಭಾರಕ್ಕೆ ತಾನೇ ಹೊಟ್ಟೆ ಬಿಡುತ್ತದೆ. ಆದುದರಿಂದ ಒಂದು ವರಸೆ ಹಾಕುವುದು, ಒಣಗಲು ಬಿಡುವುದು, ಮತ್ತೆ ಒಂದು ವರಸೆ. ಕಾಯುವುದು ಅಲ್ಲಿ ಕಣ್ಣಿಗೆ ಕಾಣುವ ಕೆಲಸವಾಗಿತ್ತು. ತಪ್ಪಿದರೆ ಮರುದಿನವೇ ಗೋಡೆ ಹೇಳುತ್ತಿತ್ತು. ಸಿಮೆಂಟಿನ ಕಾಲದಲ್ಲಿ ಬಂದ ತೊಡಕೆಂದರೆ ಅದು ಬಹುಬೇಗ ಗಟ್ಟಿಯಾದಂತೆ ಕಾಣುತ್ತದೆ, ಆದರೆ ಆಗಿರುವುದಿಲ್ಲ.

ಸಿಮೆಂಟಿಗೆ ಬರುವ ಮುನ್ನ ನೆಲದ ಮಾತು. ಸಿಂಧನೂರಿನ ಸುತ್ತಣ ನೆಲ ಬಹುಪಾಲು ಎರೆ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುವ ಈ ಮಣ್ಣು ನೀರು ಕುಡಿದಾಗ ಊದಿಕೊಳ್ಳುತ್ತದೆ, ಒಣಗಿದಾಗ ಸೊರಗುತ್ತದೆ. ಹತ್ತಿಗೂ ಜೋಳಕ್ಕೂ ತಾಯಿಯಂಥ ಮಣ್ಣು, ಮನೆಗೆ ಮಾತ್ರ ಮಲತಾಯಿ. ಮೇಲ್ಪದರ ಹೀಗೆ ಊದಿ ಇಳಿಯುವುದರಿಂದ ಪಾಯ ಅದರ ಆಟ ನಿಲ್ಲುವಷ್ಟು ಆಳಕ್ಕೆ ಹೋಗಬೇಕು. ಎರೆ ಆಳವಾಗಿರುವಲ್ಲಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ಉಪಾಯವೊಂದಿದೆ: ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ಮೂರೂವರೆ ಮೀಟರು, ಇಲ್ಲವೆ ಅದಕ್ಕೂ ಆಳಕ್ಕೆ ಇಳಿಸಿ, ಮನೆಯನ್ನು ಅವುಗಳ ಮೇಲೆ ನಿಲ್ಲಿಸುವುದು. ಲಿಂಗಸುಗೂರು, ಮಸ್ಕಿಗಳ ಕಡೆ ಎಷ್ಟೋ ಜಾಗಗಳಲ್ಲಿ ಗರಸು ಇಲ್ಲವೆ ಬಂಡೆ ಬೇಗ ಕೈಗೆ ಸಿಕ್ಕುತ್ತದೆ. ಮಸ್ಕಿಯ ಬಂಡೆಗಳ ಗಟ್ಟಿತನಕ್ಕೆ ಅಶೋಕನ ಶಾಸನವೇ ಸಾಕ್ಷಿ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರ ಕಣ್ಣಿಗೆ ಬೀಳುವವರೆಗೆ ಅದು ಎರಡು ಸಾವಿರ ವರ್ಷಕ್ಕೂ ಮಿಗಿಲಾಗಿ ಯಾರ ಕಾವಲೂ ಇಲ್ಲದೆ ಉಳಿದುಕೊಂಡಿತ್ತು. ಪಕ್ಕದ ಪಕ್ಕದ ನಿವೇಶನಗಳಲ್ಲೇ ನೆಲ ಬೇರೆಯಾಗಿರುವುದರಿಂದ, ಲಿಂಗಸುಗೂರಿನ ಭಾವ ಆರು ತಿಂಗಳಲ್ಲಿ ಮನೆ ಮುಗಿಸಿದರೆಂದು ಸಿಂಧನೂರಿನ ಭಾವಮೈದುನ ಅಷ್ಟೇ ದಿನ ಲೆಕ್ಕ ಹಾಕುವುದು ಸರಿಯಲ್ಲ.

ಪಾಯ ಮೇಲೆ ಬಂದ ಮೇಲೆ ಒಳಗೆ ಗರಸು ತುಂಬಿ, ನೀರು ಬಿಟ್ಟು, ಕುಟ್ಟಿ, ಮತ್ತೆ ತುಂಬಿ ಕೂರಿಸುವ ಕೆಲಸವಿದೆ. ಪಾಯ ಹಾಕಿ ಒಂದು ಮಳೆಗಾಲ ಬಿಡು ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ. ಅವಸರದ ಮನೆಯಲ್ಲಿ ಒಂದೇ ಮಧ್ಯಾಹ್ನ ಹತ್ತು ಟ್ರ್ಯಾಕ್ಟರ್ ಗರಸು ಸುರಿದು, ಮೇಲೆ ಕಾಂಕ್ರೀಟು ಹಾಸಿಬಿಡುತ್ತಾರೆ. ಎರಡನೆಯ ವರ್ಷ ಪಡಸಾಲೆಯ ನೆಲ ಒಂದು ಮೂಲೆಯಲ್ಲಿ ಕುಸಿದು, ತಟ್ಟಿದರೆ ಡೋಲಿನಂತೆ ಸದ್ದು ಮಾಡುತ್ತದೆ.

ಈಗ ಸಿಮೆಂಟು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಇಟ್ಟಿಗೆ ಕೆಲಸದವನು ತಾನು ತಯಾರಿಸಿದ ಪುಡಿಗೆ ಹಕ್ಕುಪತ್ರ ಪಡೆದು, ಅದನ್ನು ಪೋರ್ಟ್‌ಲ್ಯಾಂಡ್ ಸಿಮೆಂಟು ಎಂದು ಕರೆದ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಹಾಗಲ್ಲ. ಅದು ನೀರನ್ನು ಕುಡಿದು ಗಟ್ಟಿಯಾಗುತ್ತದೆ. ಸಿಮೆಂಟಿನೊಳಗಿನ ಸಿಲಿಕೇಟುಗಳು ನೀರಿನೊಂದಿಗೆ ಕೂಡಿ ಸೂಕ್ಷ್ಮವಾದ ಎಳೆಗಳಾಗಿ ಬೆಳೆದು, ಉಸುಕನ್ನೂ ಜಲ್ಲಿಯನ್ನೂ ಒಂದಕ್ಕೊಂದು ಬಿಗಿಯುತ್ತವೆ. ಅವುಗಳಲ್ಲಿ ಒಂದು ಬಗೆಯ ಸಿಲಿಕೇಟು ಮೊದಲ ಕೆಲವು ವಾರಗಳಲ್ಲಿ ಚುರುಕಾಗಿ ದುಡಿಯುತ್ತದೆ. ಇನ್ನೊಂದು ತಿಂಗಳುಗಟ್ಟಲೆ ನಿಧಾನವಾಗಿ ದುಡಿಯುತ್ತದೆ. ನೀರು ಆರಿಹೋದರೆ ಎರಡೂ ಕೆಲಸ ನಿಲ್ಲಿಸುತ್ತವೆ. ಹೊರಗಿನಿಂದ ನೋಡುವವರಿಗೆ ಸ್ಲ್ಯಾಬು ಮರುದಿನವೇ ಕಲ್ಲಾಗಿದೆ, ಮೇಲೆ ನಡೆದಾಡಬಹುದು. ಆದರೆ ಲೆಕ್ಕ ಹಾಕಿದ ಪೂರ್ಣ ಬಲವನ್ನು ಅಳೆಯುವುದು 28ನೆಯ ದಿನ. ಏಳನೆಯ ದಿನಕ್ಕೆ ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಂದಿರುತ್ತದೆ. ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಬೆರೆಸಿದ ಸಿಮೆಂಟೇ ಈಗ ಹೆಚ್ಚಾಗಿ ಪೇಟೆಯಲ್ಲಿರುವುದು. ಬಾಳಿಕೆಗೆ ಅದು ಒಳ್ಳೆಯದು, ಆದರೆ ಮೊದಲ ದಿನಗಳಲ್ಲಿ ಅದರ ನಡಿಗೆ ಇನ್ನೂ ನಿಧಾನ.

ಭಾರತೀಯ ಮಾನಕ ಸಂಸ್ಥೆಯ 456ನೆಯ ಸಂಖ್ಯೆಯ ಸಂಹಿತೆ 2000ದ ಪರಿಷ್ಕರಣದಲ್ಲಿ ಈ ಕಾಯುವಿಕೆಗೆ ಲೆಕ್ಕ ಕೊಟ್ಟಿತು. ಸಾಧಾರಣ ಸಿಮೆಂಟಿನ ಕಾಂಕ್ರೀಟನ್ನು ಕಡೆಯ ಪಕ್ಷ 7 ದಿನ ಒದ್ದೆಯಾಗಿಡಬೇಕು. ಬೂದಿ ಬೆರೆತದ್ದಾದರೆ, ಇಲ್ಲವೆ ಹವೆ ಬಿಸಿಯಾಗಿ ಒಣದಾಗಿದ್ದರೆ, 10 ದಿನಕ್ಕೆ ಕಡಿಮೆಯಿಲ್ಲದಂತೆ. ಬೂದಿಯದನ್ನು 14 ದಿನದವರೆಗೆ ಮುಂದುವರಿಸುವುದು ಲೇಸು. ಇನ್ನು ಸ್ಲ್ಯಾಬಿನ ಕೆಳಗಿನ ಆಸರೆಯ ಕಂಬಗಳು. ಗೋಡೆಯಿಂದ ಗೋಡೆಗೆ ನಾಲ್ಕೂವರೆ ಮೀಟರಿನವರೆಗಿದ್ದರೆ 7 ದಿನ, ಅದಕ್ಕೂ ಅಗಲವಾಗಿದ್ದರೆ 14 ದಿನ; ತೊಲೆಗಳ ಕೆಳಗಾದರೆ ಆರು ಮೀಟರಿನವರೆಗೆ 14, ಅದಕ್ಕೂ ಮಿಗಿಲಾದರೆ 21 ದಿನ. ಇವೆಲ್ಲ ಕನಿಷ್ಠದ ಅಂಕಿಗಳು. ರಾಯಚೂರಿನ ಬೇಸಿಗೆಯಲ್ಲಿ, ನೆರಳಿನಲ್ಲೂ 40 ಡಿಗ್ರಿ ದಾಟುವ ದಿನಗಳಲ್ಲಿ, ಬೆಳಿಗ್ಗೆ ಹೊಡೆದ ನೀರು ಹತ್ತು ಗಂಟೆಗೆ ಆರಿಹೋಗುತ್ತದೆ. ಸ್ಲ್ಯಾಬಿನ ಮೇಲೆ ಸಣ್ಣ ಮಡಿ ಕಟ್ಟಿ ನೀರು ನಿಲ್ಲಿಸುವುದನ್ನೂ ಕಂಬಗಳಿಗೆ ಗೋಣಿತಟ್ಟು ಸುತ್ತುವುದನ್ನೂ ಬಲ್ಲ ಗೌಂಡಿಗಳು ಈಗಲೂ ಮಾಡುತ್ತಾರೆ. ಭತ್ತ ಬೆಳೆಯುವ ನಾಡಿನವರಿಗೆ ಮಡಿ ಕಟ್ಟುವುದನ್ನು ಕಲಿಸಬೇಕಾಗಿಲ್ಲ. ಆದರೆ ಆ ನೀರು ಸಿಹಿಯಾಗಿರಬೇಕು. ಕಾಲುವೆಯ ಕೆಳಗೆ ಸವಳಾದ ನೆಲದ ಕೊಳವೆಬಾವಿಯ ನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಹಣವಿದ್ದರೆ ಇದನ್ನೂ ಅವಸರಪಡಿಸಲಾಗದೇ ಎಂದು ನೀವು ಕೇಳಬಹುದು. ಆಗುತ್ತದೆ. ಬೇಗ ಬಲಗೂಡುವ ಸಿಮೆಂಟಿದೆ. ಕಾರ್ಖಾನೆಗಳಲ್ಲಿ ರೈಲು ಹಳಿಯ ಕೆಳಗಿನ ಕಾಂಕ್ರೀಟ್ ದಿಮ್ಮಿಗಳಿಗೆ ಹಬೆ ಕೊಟ್ಟು ಗಂಟೆಗಳಲ್ಲಿ ಗಟ್ಟಿ ಮಾಡುತ್ತಾರೆ. ಅದಕ್ಕೆ ಬೇಕಾದ ಅಳತೆ, ಪರೀಕ್ಷೆ, ಮೇಲ್ವಿಚಾರಣೆ ಮೂವತ್ತು ನಲವತ್ತರ ನಿವೇಶನದಲ್ಲಿ ದೊರೆಯುವುದಿಲ್ಲ. ದೊರೆಯದೆ ಇರುವಾಗ ಅವಸರದ ಹಣಕ್ಕೆ ಉಳಿಯುವುದು ಒಂದೇ ದಾರಿ: ದಿನಗಳನ್ನು ಕದಿಯುವುದು. ಆಸರೆ ಕಂಬ ಏಳನೆಯ ದಿನದ ಬದಲು ನಾಲ್ಕನೆಯ ದಿನ ಬಿಚ್ಚುತ್ತಾರೆ, ಏಕೆಂದರೆ ಬಾಡಿಗೆಯ ಸೆಂಟ್ರಿಂಗ್ ಸಾಮಾನು ಮುಂದಿನ ಮನೆಗೆ ಹೋಗಬೇಕಾಗಿದೆ. ಗಿಲಾವಿನ ಹಸಿ ಆರುವ ಮೊದಲೇ ಬಣ್ಣ ಹೊಡೆಯುತ್ತಾರೆ. ಮೊದಲ ಮಳೆಗಾಲಕ್ಕೆ ಉಪ್ಪು ಹೊರಬಂದು ಬಣ್ಣ ಹಪ್ಪಳದಂತೆ ಏಳುತ್ತದೆ. ಹಸಿ ಮರದ ಬಾಗಿಲು ಕೂರಿಸುತ್ತಾರೆ. ಮುಂದಿನ ಬೇಸಿಗೆಗೆ ಅಗಳಿ ಬೀಳುವುದಿಲ್ಲ.

ಇವು ಮನೆಯ ಮಟ್ಟಿನ ಕಿರುಕುಳಗಳು. ದೊಡ್ಡದಾಗಿ ನಡೆದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲ್ಲೋ ಐಲೆಂಡಿನಲ್ಲಿ 1978ರ ಏಪ್ರಿಲ್ 27ರಂದು ಆದದ್ದನ್ನು ನೆನೆಯಬೇಕು. ಅಲ್ಲಿ ವಿದ್ಯುತ್ ಸ್ಥಾವರಕ್ಕಾಗಿ ತಂಪುಗೋಪುರವೊಂದನ್ನು ಕಟ್ಟುತ್ತಿದ್ದರು. ದಿನಕ್ಕೊಂದು ಸುತ್ತು ಕಾಂಕ್ರೀಟು. ಕೆಲಸಗಾರರು ನಿಲ್ಲುವ ಅಟ್ಟಣೆಗೆ ನೆಲದ ಆಧಾರವಿರಲಿಲ್ಲ, ಅದೇ ಗೋಪುರಕ್ಕೆ ಕಚ್ಚಿಸಿದ್ದರು. ಹಿಂದಿನ ದಿನ ಹಾಕಿದ ಸುತ್ತು ರಾತ್ರಿಯ ಚಳಿಯಲ್ಲಿ ಬಲಗೂಡಿರಲಿಲ್ಲ. ಬೆಳಿಗ್ಗೆ ಅದರ ಮೇಲೆ ಭಾರ ಬಿದ್ದಾಗ ಸುತ್ತೆಲ್ಲ ಕಳಚಿಕೊಂಡಿತು. ಅಟ್ಟಣೆಯ ಮೇಲಿದ್ದ 51 ಮಂದಿಯೂ ಸತ್ತರು. ಅವರಲ್ಲಿ ಅನೇಕರು ಒಂದೇ ಕುಟುಂಬದ ಅಣ್ಣತಮ್ಮಂದಿರು, ಅಪ್ಪ ಮಕ್ಕಳು. ಕಾಂಕ್ರೀಟಿಗೆ ಸಾಕಷ್ಟು ಬಲ ಬಂದಿರಲಿಲ್ಲವೆಂಬುದೇ ಸರ್ಕಾರದ ತನಿಖೆ ಕಂಡುಕೊಂಡ ಮುಖ್ಯ ಕಾರಣ.

ಮಸ್ಕಿಯಲ್ಲಿ ವಯಸ್ಸಾದ ಗೌಂಡಿಯೊಬ್ಬರು ಯಜಮಾನರಿಗೆ ಇದನ್ನೇ ಹೇಳಿದ್ದನ್ನು ನಾನು ಕೇಳಿದ್ದೇನೆ: "ದುಡ್ಡ ಎಷ್ಟಾರ ಕೊಡ್ರಿ ಧಣೇರ, ನಾ ಬ್ಯಾಡ ಅನ್ನಂಗಿಲ್ಲ. ಆದರ ಸಿಮೆಂಟಿಗೆ ದುಡ್ಡ ಎಣಸಾಕ ಬರಂಗಿಲ್ಲ."

ಅವಸರವೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಮ್ಮ ಕಣ್ಣೆದುರಿನ ಉದಾಹರಣೆಯೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ಹರಿದುಹೋಗುತ್ತಿದ್ದರೆ ಸಿಂಧನೂರಿನ ರೈತರು ನಿದ್ದೆ ಮಾಡಿರಲಾರರು. ಗೇಟುಗಳ ಪರಿಣತರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ತಡೆಹಲಗೆಗಳನ್ನು ಹಗಲಿರುಳೂ ತಯಾರಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಅಲ್ಲಿ ತಡವಾದ ಒಂದೊಂದು ದಿನಕ್ಕೂ ಎಣಿಸಬಹುದಾದ ಬೆಲೆಯಿತ್ತು. ಕೆಲಸವೂ ಉಕ್ಕಿನದು; ಉಕ್ಕನ್ನು ಹಲವು ಕೈಗಳು ಏಕಕಾಲಕ್ಕೆ ಕತ್ತರಿಸಿ ಬೆಸೆಯಬಹುದು.

ಅವಸರದ ಹಣವನ್ನು ಕರಾರಿನಲ್ಲೇ ಬರೆದು ಕೊಟ್ಟ ಪ್ರಸಿದ್ಧ ಪ್ರಸಂಗ ಲಾಸ್ ಏಂಜಲೀಸಿನದು. 1994ರ ಜನವರಿಯ ಭೂಕಂಪದಲ್ಲಿ ಸಾಂಟಾ ಮೋನಿಕಾ ಹೆದ್ದಾರಿಯ ಸೇತುವೆಗಳು ಬಿದ್ದವು. ದುರಸ್ತಿಗೆ 140 ದಿನಗಳ ಗಡುವು. ಮೊದಲೇ ಮುಗಿಸಿದ ಒಂದೊಂದು ದಿನಕ್ಕೂ ಎರಡು ಲಕ್ಷ ಡಾಲರ್ ಬಹುಮಾನ, ತಡವಾದರೆ ಅಷ್ಟೇ ದಂಡ. ಗುತ್ತೇದಾರರು 66 ದಿನಗಳಲ್ಲಿ ಮುಗಿಸಿ, 74 ದಿನಗಳ ಬಹುಮಾನವೆಂದು 1 ಕೋಟಿ 48 ಲಕ್ಷ ಡಾಲರ್ ಪಡೆದರು. ಮೂರು ಪಾಳಿಯ ದುಡಿಮೆ, ಸ್ಥಳದಲ್ಲೇ ಇದ್ದು ತಪಾಸಣೆ ಮಾಡುವ ಸರ್ಕಾರಿ ಇಂಜಿನಿಯರುಗಳು, ಬೇಗ ಬಲಗೂಡುವ ಕಾಂಕ್ರೀಟು ಎಲ್ಲವೂ ಅಲ್ಲಿದ್ದವು. ಬಹುಮಾನದ ಸುದ್ದಿ ನಮ್ಮವರೆಗೂ ಬರುತ್ತದೆ, ತಪಾಸಣೆಯ ಸುದ್ದಿ ದಾರಿಯಲ್ಲೇ ಉಳಿದುಬಿಡುತ್ತದೆ.

ಹಾಗಾದರೆ ಸಾಧಾರಣ ಸಂಸಾರಸ್ಥನಾದವನು ಏನು ಮಾಡಬೇಕು? 1950ರ ದಶಕದ ಕೊನೆಯಲ್ಲಿ ಡ್ಯೂಪಾಂಟ್ ಕಂಪನಿಗಾಗಿ ಕೆಲಸ ಮಾಡಿದ ಕೆಲ್ಲಿ, ವಾಕರ್ ಎಂಬಿಬ್ಬರು ಒಂದು ಲೆಕ್ಕಾಚಾರವನ್ನು ರೂಪಿಸಿದರು. ಯಾವ ಕೆಲಸ ಯಾವುದಕ್ಕಾಗಿ ಕಾಯುತ್ತದೆ ಎಂದು ಸರಪಳಿ ಬರೆಯುವುದು. ಅವುಗಳಲ್ಲಿ ಅತಿ ಉದ್ದವಾದ ಸರಪಳಿಯೇ ಇಡೀ ಕಟ್ಟಡದ ದಿನಗಳನ್ನು ತೀರ್ಮಾನಿಸುತ್ತದೆ. ಹೆಚ್ಚಿನ ಹಣವನ್ನು ಆ ಸರಪಳಿಯ ಕೊಂಡಿಗಳ ಮೇಲೆ ಹಾಕಿದರೆ ಮಾತ್ರ ದಿನ ಉಳಿಯುತ್ತದೆ. ಬೇರೆ ಕಡೆ ಹಾಕಿದ್ದು ಹೊಳೆಯಲ್ಲಿ ಹುಣಿಸೆಹಣ್ಣು ತೇಯ್ದಂತೆ. ನಮ್ಮ ಮನೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿ. ಸ್ಲ್ಯಾಬು ನೀರು ಕುಡಿಯುತ್ತಿರುವ 14 ದಿನಗಳಲ್ಲಿ ಬಡಿಗರು ಬಾಗಿಲು ಕಿಟಕಿಗಳನ್ನು ಬೇರೆ ಕಡೆ ಮುಗಿಸಬಹುದು. ಅವರಿಗೆ ಮುಂಗಡ ಕೊಟ್ಟರೆ ಆ ಹಣ ಸಾರ್ಥಕ. ಆದರೆ ಮರವನ್ನೇ ಕೊಂಡಿಲ್ಲದಿದ್ದರೆ? ಶೌಚಾಲಯದ ಕೊಳಾಯಿ ಎಲ್ಲಿ ಬರಬೇಕೆಂದು ಮನೆಯಲ್ಲಿ ಇನ್ನೂ ಒಮ್ಮತವಾಗಿಲ್ಲದಿದ್ದರೆ? ನಾನು ಕಂಡ ಮಟ್ಟಿಗೆ, ನಮ್ಮ ಊರುಗಳಲ್ಲಿ ಮನೆ ತಡವಾಗುವುದು ಗೌಂಡಿಯ ನಿಧಾನದಿಂದಲ್ಲ. ಒಬ್ಬರ ಕೆಲಸ ಮುಗಿದು ಇನ್ನೊಬ್ಬರು ಬರುವವರೆಗಿನ ಬಿಡುವಿನಿಂದ, ಕಟ್ಟಿದ ಗೋಡೆಯನ್ನು ಅಕ್ಕನ ಮನೆಯ ಅಡುಗೆಮನೆ ನೋಡಿ ಬಂದ ಮೇಲೆ ಒಡೆಸುವುದರಿಂದ. ನಿಮ್ಮ ಮನಸ್ಸಿಗೆ ಒಪ್ಪುವಂತೆ ನಿಮಗಾಗಿಯೇ ಕಟ್ಟಿಸುವ ಮನೆಯಲ್ಲಿ ಈ ಕಾಲ ಬಹಳ. ಅದನ್ನು ಉಳಿಸಲು ಹಣ ಬೇಡ. ಪಾಯ ತೆಗೆಯುವ ಮೊದಲೇ ಕಾಗದದ ಮೇಲೆ ಜಗಳವಾಡಿ ಮುಗಿಸಿದರೆ ಸಾಕು.

ಕೊಡಲೇಬೇಕೆಂದಾದರೆ ಬರೆದು ಕೊಡಿ. 1872ರ ಭಾರತೀಯ ಕರಾರು ಕಾಯ್ದೆಯ 55ನೆಯ ಕಲಮು ಕಾಲವೇ ಕರಾರಿನ ಸಾರವೆಂದು ಎರಡು ಕಡೆಯವರೂ ಉದ್ದೇಶಿಸಿದ್ದರೆ ಅದಕ್ಕೆ ಬೆಲೆ ಕೊಡುತ್ತದೆ. ಆದರೆ ತಡವಾದ ದಿನಕ್ಕೆ ಇಷ್ಟು ಸಾವಿರ ದಂಡವೆಂದು ಬರೆದ ಮಾತ್ರಕ್ಕೆ ಅಷ್ಟೂ ಕೈಗೆ ಬರುವುದಿಲ್ಲ. 74ನೆಯ ಕಲಮಿನಂತೆ ನ್ಯಾಯಾಲಯ ಕೊಡಿಸುವುದು, ಬರೆದ ಮೊತ್ತವನ್ನು ಮೀರದಂತೆ, ನ್ಯಾಯವಾದ ಪರಿಹಾರವನ್ನು ಮಾತ್ರ. ದಂಡಕ್ಕಿಂತ ಬಹುಮಾನ ಮೇಲು; ಅದನ್ನು ಪಡೆಯಲು ಗುತ್ತೇದಾರರೇ ಬರುತ್ತಾರೆ, ನಾವು ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಅದನ್ನು ಒಟ್ಟು ಮನೆಗೆ ಕಟ್ಟದೆ ಹಂತ ಹಂತಕ್ಕೆ ಕಟ್ಟಬೇಕು: ಇಟ್ಟಿಗೆ ಕೆಲಸಕ್ಕೆ, ಗಿಲಾವಿಗೆ, ನೆಲಹಾಸಿಗೆ ಇರಲಿ; ನೀರುಣಿಸುವ ದಿನಗಳಿಗೂ ಆಸರೆ ಬಿಚ್ಚುವ ದಿನಕ್ಕೂ ಬೇಡ. ಆ ದಿನಗಳನ್ನು ಅಂಕಿಯಲ್ಲೇ ಬರೆದು, ಅವನ್ನು ಕಡಿಮೆ ಮಾಡಿದರೆ ಬಹುಮಾನವಿಲ್ಲವೆಂದೂ ಸೇರಿಸಬೇಕು. ರಾತ್ರಿಯ ಕೂಲಿಯನ್ನು ಕೂಲಿಯವರ ಕೈಗೇ ಕೊಡುವುದೆಂದು ಇನ್ನೊಂದು ಸಾಲು ಬರೆದರೆ, ಮೂರನೆಯ ರಾತ್ರಿಯೂ ಆಳು ಬರುತ್ತಾರೆ.

ಮುಹೂರ್ತದ ಮಾತೊಂದು ಉಳಿಯಿತು. ನಮ್ಮ ಹೆಣ್ಣುಮಕ್ಕಳು ಇದಕ್ಕೆ ಬಹಳ ಹಿಂದೆಯೇ ಉಪಾಯ ಕಂಡಿದ್ದಾರೆ. ಮನೆ ಪೂರ್ತಿ ಮುಗಿದಿರಲಿ, ಬಿಡಲಿ, ಒಳ್ಳೆಯ ದಿನ ನೋಡಿ ಅಡುಗೆಮನೆಯೊಂದನ್ನು ಸಾರಿಸಿ, ಹೊಸಿಲಿಗೆ ಅರಿಸಿನ ಕುಂಕುಮ ಹಚ್ಚಿ, ಹಾಲುಕ್ಕಿಸಿ ಪ್ರವೇಶ ಮಾಡಿಬಿಡುತ್ತಾರೆ. ಮರುದಿನದಿಂದ ಗೌಂಡಿಗಳು ಮತ್ತೆ ಬರುತ್ತಾರೆ. ಸಿಂಧನೂರಿನಲ್ಲಿ ಅಂಥದೊಂದು ಪ್ರವೇಶದ ಊಟಕ್ಕೆ ನಾನೂ ಹೋಗಿದ್ದೆ. ಎಲೆ ಹಾಕಿದ್ದು ಪಡಸಾಲೆಯಲ್ಲಿ, ಪಕ್ಕದ ಕೋಣೆಯಲ್ಲಿ ಆಸರೆ ಕಂಬಗಳು ಇನ್ನೂ ನಿಂತಿದ್ದವು, ಮೇಲಿನ ಸ್ಲ್ಯಾಬಿನ ಮಡಿಯಿಂದ ಗೋಡೆಯಗುಂಟ ನೀರು ಜಿನುಗುತ್ತಿತ್ತು. ಬೀಗರು ಏನೂ ಅನ್ನಲಿಲ್ಲ.